ಹಗುರಾಗಿ ಹೊರಡಿ

ಜನವರಿ 12

ನನ್ನ ಸೂಜಿಮೆಣಸೇ,

ಇದನ್ನ ಫೋನಲ್ಲಿ ಹೇಳೋಕೆ ಹೋದರೆ ನೀನು ನಡುವೆ ಬಾಯಿ ಹಾಕ್ತೀಯ, ನಾನು ಕಿರುಚ್ತೀನಿ, ಕೊನೆಗೆ ಇಬ್ಬರಲ್ಲಿ ಒಬ್ಬರು ಫೋನ್ ಕುಕ್ಕಿ ಇಡ್ತೀವಿ. ಅದಕ್ಕೇ ಬರೀತಿದೀನಿ. ಕೂತ್ಕೊಂಡು ಓದು.

ಅವನು ಬಂದಿದ್ದ.

ಯಾರು ಅಂತ ಕೇಳಬೇಡ. ನಮ್ಮಿಬ್ಬರಿಗೂ ಹೇಳದೇನೇ ಗೊತ್ತಾಗೋ 'ಅವನು' ಒಬ್ಬನೇ. ನಿನಗೆ ಒಂಬತ್ತು ವರ್ಷ ಇದ್ದಾಗ, ಮೂಲೆ ಕಟ್ಟಡದ ಲಿಫ್ಟ್ ಕೆಟ್ಟಿದೆ, ರಿಪೇರಿ ಮಾಡಿ ಬರ್ತೀನಿ ಅಂತ ಟೂಲ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೋದ ನಿಮ್ಮಪ್ಪ. ಇಷ್ಟು ವರ್ಷ ಆದಮೇಲೆ ನೇರ ನಮ್ಮ ಆಸ್ಪತ್ರೆಯ ಲಾಂಡ್ರಿ ಬಾಗಿಲಲ್ಲಿ ಬಂದು ನಿಂತಿದ್ದ. ಬೆಳಗಿನ ಹೊತ್ತು. ಆಪರೇಷನ್ ವಾರ್ಡಿನ ಬೆಡ್‌ಶೀಟೆಲ್ಲ ಒಟ್ಟಿಗೆ ಬಂದು ಬಿದ್ದಿತ್ತು, ಇಸ್ತ್ರಿ ರೋಲರಿನ ಹಬೆಗೆ ಎದುರಿಗಿರೋರ ಮುಖ ಕಾಣ್ತಿರಲಿಲ್ಲ. ಮೊದಲು ಕಂಡಿದ್ದು ಬೂಟು. ಹೊಚ್ಚ ಹೊಸದು, ಕೆಂಪು ಲೇಸು, ಹೆಜ್ಜೆ ಇಟ್ಟರೆ ಕೀಚ್ ಅನ್ನೋದು. ಆಮೇಲೆ ಮುಖ.

"ಚೆನ್ನಾಗಿದೀಯಾ?" ಅಂದ. ಊರಿಗೆ ಹೋಗಿ ವಾರಕ್ಕೆ ಬಂದವನ ಥರ.

ನಾನು ಬೆಡ್‌ಶೀಟ್ ಗಂಟು ಕಟ್ತಾ ಇದ್ದೆ. ಅವನೇ ಜೇಬಿಂದ ಬಣ್ಣದ ಕಾಗದ ತೆಗೆದ. ಯಾವುದೋ ಟ್ರಾವೆಲ್ ಕಂಪನಿಯವರು ಜನರನ್ನ ನಡೆಸ್ಕೊಂಡು ಬೆಟ್ಟದ ಮೇಲಿನ ಕ್ಷೇತ್ರಕ್ಕೆ ಕರ್ಕೊಂಡು ಹೋಗ್ತಾರಂತೆ. ವಾರಗಟ್ಟಲೆ ನಡಿಗೆ. ಆದರೆ ಬ್ಯಾಗು ವ್ಯಾನಲ್ಲಿ ಬರುತ್ತೆ, ಸಂಜೆಗೆ ಹಾಸಿಗೆ, ಬಿಸಿನೀರು, ಜೊತೆಗೊಬ್ಬರು ಗೈಡು. ಅರ್ಧ ಯಾತ್ರೆ, ಅರ್ಧ ರಜಾ ಮಜಾ. ಅದಕ್ಕೆ ತಯಾರಾಗೋದು ಹೇಗೆ ಅಂತ ಆ ಕಾಗದ. ಅರ್ಧ ಸೈಜು ದೊಡ್ಡ ಬೂಟು ತಗೊಳ್ಳಿ. ಕಾಲುಗುರು ನೇರಕ್ಕೆ ಕತ್ತರಿಸಿ. ನೀವು ನೋಯಿಸಿದವರನ್ನು ಭೇಟಿಯಾಗಿ ಕ್ಷಮೆ ಕೇಳಿ, ಹಗುರಾಗಿ ಹೊರಡಿ. ಸೋರದ ನೀರಿನ ಬಾಟಲಿ ಇರಲಿ.

ಕಣ್ಣಿಗೆ ಬಿತ್ತಾ? ಕಾಲುಗುರಿಗೂ ನೀರಿನ ಬಾಟಲಿಗೂ ನಡುವೆ ನಾನು!

"ಬೇರೆ ಎಲ್ಲಾ ಆಯ್ತು," ಅಂದ. "ಇದೊಂದು ಬಾಕಿ. ನೀನು ಕ್ಷಮಿಸಿದೀನಿ ಅಂದ್ರೆ ನನ್ನ ಮನಸ್ಸಿಗೆ ನೆಮ್ಮದಿ."

ನನ್ನ ಕೈಲಿ ಒದ್ದೆ ಬೆಡ್‌ಶೀಟಿನ ಗಂಟಿತ್ತು. ಎದೆಗೆ ಬೀಸಿ ಎಸೆದೆ. ಅಂಗಿ ತೊಪ್ಪೆ ಆಯ್ತು. ಮಡಿಸೋ ಮೇಜಿನ ಹೆಂಗಸರಲ್ಲಿ ಯಾರೋ ಹೋಗಿ ರೋಲರ್ ಆಫ್ ಮಾಡಿದರು. ಕೆಲಸದ ಹೊತ್ತಲ್ಲಿ ಆ ಮೆಷಿನ್ ನಿಂತಿದ್ದು ನಾನು ಕಂಡೇ ಇಲ್ಲ. ಎಲ್ಲರಿಗೂ ಸರಿಯಾಗಿ ಕೇಳಿಸ್ಕೊಬೇಕಿತ್ತು, ಅದಕ್ಕೆ. ನಾನೂ ಸರಿಯಾಗೇ ಕೇಳಿಸಿದೆ. ಮದುವೆಯಾದಾಗಿಂದ 'ನೀವು' ಅಂತಿದ್ದವಳ ಬಾಯಲ್ಲಿ ತಾನಾಗೇ 'ನೀನು' ಬಂತು. ಚೆನ್ನಾಗಿತ್ತು ಕಣೇ ಅದು.

ಹೋಗುವಾಗ ನಿನ್ನ ವಿಳಾಸ ಕೇಳಿದ. ಕೊಡಲಿಲ್ಲ.

ನಿನ್ನ,
ಅಮ್ಮ

---

ಜನವರಿ 20

ಅಮ್ಮಾ,

ಬರೀ ಬೆಡ್‌ಶೀಟಾ? ಬಕೆಟ್ ಇರಲಿಲ್ವಾ?

ಪತ್ರ ಓದಿ ನಮ್ಮ ಹಲ್ಲು ಸೆಟ್ ಮಾಡೋ ಲ್ಯಾಬಲ್ಲಿ ಜೋರಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿ ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ಕಲೆಸ್ತಿದ್ದವನು ಹೆದರಿ ತಿರುಗಿ ನೋಡಿದ. ನಕ್ಕಿದ್ದು ಅಷ್ಟೇ ಹೊತ್ತು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಕೊಂಡು ನಿಂತಿದ್ದೆ.

ನನ್ನ ಹತ್ರ ಏನಾದ್ರೂ ಬಂದ್ರೆ ನಾನು ಏನೂ ಎಸೆಯಲ್ಲ. ಬಾಗಿಲೇ ತೆಗೆಯಲ್ಲ. ನೆಮ್ಮದಿ ಬೇಕಂತೆ ನೆಮ್ಮದಿ. ಇಷ್ಟು ದಿನ ಯಾರ ಮನೇಲಿ ಇಟ್ಟಿದ್ರೋ ಅಲ್ಲೇ ಹುಡುಕ್ಕೊಳ್ಳಲಿ.

ಯಾರ ಜೊತೆ ಹೋದ್ರೋ ಆ ಹೆಂಗಸು ಏನಾದಳು? ನನಗೇನೂ ಬೇಕಾಗಿಲ್ಲ, ಸುಮ್ಮನೆ ಕೇಳಿದೆ. ಕೂದಲು ಇದೆಯಾ? ಕನ್ನಡಕ ಬಂದಿದೆಯಾ? ಹಲ್ಲು ಸ್ವಂತದ್ದಾ ಕಟ್ಟಿಸಿದ್ದಾ? ಕೊನೇದು ಕಸುಬಿನ ಚಪಲಕ್ಕೆ ಕೇಳ್ತಿದೀನಿ, ಬೇರೆ ಅರ್ಥ ಮಾಡ್ಕೋಬೇಡ.

ಇನ್ನು ಆ ಮನುಷ್ಯನ ಸುದ್ದಿ ಬರೀಬೇಡ.

ನಿನ್ನ,
ಸೂಜಿಮೆಣಸು

---

ಫೆಬ್ರವರಿ 3

ಮಗಳೇ,

ಬರೀಬೇಡ ಅಂದೆ. ಬರೀದೆ ಆಗಲ್ಲ.

ಆ ಕಾಗದ ಲಾಂಡ್ರಿ ನೆಲದ ಮೇಲೇ ಬಿದ್ದಿತ್ತು. ಅದನ್ನ ಹಿಡ್ಕೊಂಡು ಅವರ ಆಫೀಸಿಗೇ ಹೋದೆ. ಇಂಥಾ ಸಾಲು ಬರೆದೋರು ಯಾರು, ಮುಖಕ್ಕೆ ಮುಖ ಕೊಟ್ಟು ಮಾತಾಡಲಿ ಅಂತ. ಒಬ್ಬಳು ಹುಡುಗಿ ಕೂತಿದ್ದಳು, ಮೊದಲು ಶಾಲೇಲಿ ಆಟ ಆಡಿಸೋ ಟೀಚರಂತೆ, ಈಗ ಇವರ ಗೈಡು. ಕೊರಳಲ್ಲಿ ಪೀಪಿ. ನಾನು ಅವಳಿಗೆ ಪೀಪಿ ಅಂತಲೇ ಹೆಸರಿಟ್ಟಿದೀನಿ. ನಾನು ಹೇಳಿದ್ದೆಲ್ಲ ತಲೆ ಆಡಿಸ್ತಾ ಕೇಳಿ, ಬಿಸಿ ಹಾಲಿನ ಲೋಟ ಮುಟ್ಟೋ ಥರ ಮೆತ್ತಗೆ ಕೇಳಿದಳು: "ಈ ಸಿಟ್ಟಿಂದ ನಿಮಗೇನು ಸಿಕ್ತು, ಆಂಟಿ?"

ಮೈಯೆಲ್ಲ ಉರಿದುಹೋಯ್ತು. ಸಿಟ್ಟಿಂದ ಏನು ಸಿಕ್ತು? ಬೆಳಿಗ್ಗೆ ಎದ್ದೇಳೋಕೆ ಅದೇ ಸಿಕ್ತು! ಜ್ವರ ಇದ್ದಾಗ ಕೆಲಸಕ್ಕೆ ನಡೆಸ್ಕೊಂಡು ಹೋಗಿದ್ದು ಅದೇ. ಇವಳಿಗೇನು ಗೊತ್ತು.

ಗೋಡೆ ಮೇಲೆ ದಾರಿಯ ನಕ್ಷೆ ಇತ್ತು. ಹೊಳೆ, ಕಾಡು, ಚಿಕ್ಕಚಿಕ್ಕ ಊರು, ಕೊನೆಗೆ ಬೆಟ್ಟ. ನೋಡ್ತಾ ನಿಂತೆ. ಈ ಕಿಟಕಿಯಿಲ್ಲದ ಲಾಂಡ್ರಿಗೆ ಸೇರಿದಮೇಲೆ ನಾನು ಒಂದು ಹೊಳೆ ದಾಟಿಲ್ಲ. ಅವನಂಥವನು ಕೆಂಪು ಲೇಸು ಕಟ್ಕೊಂಡು ಇದನ್ನೆಲ್ಲ ನೋಡ್ತಾನೆ, ಮೇಲೆ ಹೋಗಿ ಕೈಮುಗಿದು ತೊಳೆದಿಟ್ಟ ಮುತ್ತಿನ ಹಾಗೆ ಇಳಿದು ಬರ್ತಾನೆ. ನಾನು ಇಲ್ಲಿ ಇಸ್ತ್ರಿ ಹಾಕ್ತಾ ಇರಬೇಕು.

ಹೆಸರು ಬರೆಸಿದೆ. ಅದೇ ತಂಡಕ್ಕೆ. ಮೇ ತಿಂಗಳ ಕೊನೆಗೆ ಹೊರಡೋದು.

ಹಲ್ಲು ಕಡೀಬೇಡ, ಕೇಳು. ಅವನನ್ನ ಕ್ಷಮಿಸೋಕೆ ಹೋಗ್ತಿಲ್ಲ. ಬೈಯೋಕೆ ಹೋಗ್ತಿದೀನಿ. ಅವನು ನನಗೆ ಬೈಯೋಕೂ ಅವಕಾಶ ಕೊಡದೆ ಹೋದ. ಆ ದಾರೀಲಿ ಎಲ್ಲಿಗೆ ಓಡ್ತಾನೆ? ಒಂದು ಕಡೆ ಕಾಡು, ಒಂದು ಕಡೆ ಹೊಳೆ, ಹಿಂದೆ ನಾನು.

ಕೂದಲಿದೆ, ಬೆಳ್ಳಗಾಗಿದೆ. ಕನ್ನಡಕ ಇಲ್ಲ. ಆ ಹೆಂಗಸೂ ಇವನನ್ನ ಹೊರಗೆ ಹಾಕಿ ಎಷ್ಟೋ ವರ್ಷ ಆಯ್ತಂತೆ. ಹಲ್ಲು ನೋಡಲಿಲ್ಲ.

ಅಮ್ಮ

---

ಫೆಬ್ರವರಿ 11

ಅಮ್ಮಾ,

ನಿನಗೆ ತಲೆ ಕೆಟ್ಟಿದೆಯಾ?

ಮೇಣದಲ್ಲಿ ಒಂದು ಸೆಟ್ ಹಲ್ಲು ಕೂರಿಸ್ತಿದ್ದೆ. ನಿನ್ನ ಪತ್ರ ನೆನೆದು ಜೋರಾಗಿ ಒತ್ತಿ, ಮುಂದಿನ ಹಲ್ಲು ಸೊಟ್ಟ ಕೂತು, ಪೂರ್ತಿ ಕರಗಿಸಿ ಹೊಸದಾಗಿ ಮಾಡಬೇಕಾಯ್ತು.

ಬೈಯೋಕಂತೆ! ಯಾರಿಗೆ ಹೇಳ್ತೀಯ? ಬೈಯ್ಯೋರು ಬೈದು ಮನೆಗೆ ಬರ್ತಾರೆ. ವಾರಗಟ್ಟಲೆ ಜೊತೇಲಿ ನಡೆಯಲ್ಲ. ಎರಡನೇ ದಿನಕ್ಕೆ ಅವರ ಕಾಲಲ್ಲಿ ಬೊಬ್ಬೆ ಬರುತ್ತೆ. ಮೂರನೇ ದಿನ ನೀನು ಪಟ್ಟಿ ಕಟ್ತೀಯ. ನಾಲ್ಕನೇ ದಿನ ಅವರ ಸಾಕ್ಸು ನಿನ್ನ ಬಕೆಟಲ್ಲಿರುತ್ತೆ. ನನಗೆ ನಿನ್ನ ಕೈ ಗೊತ್ತಿಲ್ವಾ? ಒಗೆಯೋದು ಕಂಡ್ರೆ ಸುಮ್ಮನಿರುತ್ತಾ ಅದು?

ನಿಜ ಹೇಳು. ಆ ಮನುಷ್ಯ ವಾಪಸ್ ಬರಲಿ ಅಂತ ಇನ್ನೂ ಕಾಯ್ತಿದ್ದೆ ಅಲ್ವಾ? ಅದಕ್ಕೇ ಮನೆ ಬದಲಾಯಿಸಲಿಲ್ಲ ಅಲ್ವಾ? ಅದಕ್ಕೇ ನಾನು ಎಷ್ಟು ಕರೆದ್ರೂ ಇಲ್ಲಿಗೆ ಬರಲಿಲ್ಲ.

ಹೋಗೋದಾದ್ರೆ ಹೋಗು. ನನಗೆ ಬರೀಬೇಡ. ಹೋಗಿ ಬಂದಮೇಲೂ ಬರೀಬೇಡ.

ನಿನ್ನ ಮಗಳು

---

ಫೆಬ್ರವರಿ 19

ಮಗಳೇ,

ನಿನ್ನ ನಾಲಿಗೆ ನಿನ್ನ ಅಪ್ಪನದೇ. ನೋಯೋ ಜಾಗ ಹುಡುಕಿ ಅಲ್ಲೇ ಒತ್ತುತ್ತೆ.

ಮನೆ ಬದಲಾಯಿಸಲಿಲ್ಲ, ಯಾಕಂದ್ರೆ ಅಲ್ಲಿಂದ ಆಸ್ಪತ್ರೆಗೂ ನಿನ್ನ ಶಾಲೆಗೂ ನಡೆದು ಹೋಗಬಹುದಿತ್ತು. ನಿನ್ನ ಹತ್ರ ಬರಲಿಲ್ಲ, ಯಾಕಂದ್ರೆ ನಿನ್ನ ಮನೇಲಿ ನಾನು ಎರಡು ದಿನ ಇದ್ದರೆ ಮೂರನೇ ದಿನ ನೀನು ಪಾತ್ರೆ ಕುಕ್ಕೋಕೆ ಶುರು ಮಾಡ್ತೀಯ. ಕಾಯ್ತಿದ್ದಳಂತೆ. ಕಾಯೋಕೆ ಪುರುಸೊತ್ತು ಬೇಕು. ನನಗೆ ಸಾಯೋಕೂ ಪುರುಸೊತ್ತಿರಲಿಲ್ಲ.

ನೀನು ಹೇಳಿದೆ ಅಂತ ನಾನು ನಿಲ್ಲಲ್ಲ. ನೀನು ಹೇಳಿದೆ ಅಂತ ಬರೆಯೋದನ್ನೂ ನಿಲ್ಲಿಸಲ್ಲ. ಓದದಿದ್ದರೆ ಹರಿದು ಹಾಕು.

ಅಮ್ಮ

---

ಮಾರ್ಚ್ 27

ಸೂಜಿಮೆಣಸೇ,

ಉತ್ತರ ಇಲ್ಲ. ಇರಲಿ. ಹರಿದಿಲ್ಲ ಅಂದ್ಕೊಂಡು ಬರೀತಿದೀನಿ.

ಹೊರಡೋ ಮೊದಲು ಕಾಲಿಗೆ ಅಭ್ಯಾಸ ಆಗಬೇಕು ಅಂತ ಪ್ರತಿ ಭಾನುವಾರ ಪೀಪಿ ನಮ್ಮನ್ನೆಲ್ಲ ಸೇರಿಸಿ ನಡೆಸ್ತಾಳೆ. ಬಸ್ ಡಿಪೋ ಹಿಂದಿನ ರಸ್ತೆಯಿಂದ ಶುರು, ಗೋದಾಮುಗಳನ್ನ ದಾಟಿ, ಕುಡಿಯೋ ನೀರಿನ ದೊಡ್ಡ ಕೆರೆಯವರೆಗೆ. ತಂಡದ ಯಾರೂ ಒಬ್ಬರೇ ಮುಂದೆ ಹೋಗೋ ಹಾಗಿಲ್ಲ, ಹಿಂದೆ ಉಳಿಯೋ ಹಾಗಿಲ್ಲ. ಹೋದರೆ ಪೀಪಿ ಊದ್ತಾಳೆ. ಎಲ್ಲರೂ ನನ್ನ ವಯಸ್ಸಿನೋರೇ. ನಾನೂ ಬೂಟು ತಗೊಂಡೆ, ಕಪ್ಪು ಬಣ್ಣದ್ದು. ಮೊದಲ ವಾರ ಹಿಮ್ಮಡಿ ಸುಲಿದುಹೋಯ್ತು. ಪೀಪಿ ಕಲಿಸಿಕೊಟ್ಟ ಹಾಗೆ ಎರಡೆರಡು ಸಾಕ್ಸು ಹಾಕ್ಕೊಂಡ ಮೇಲೆ ಸರಿಯಾಯ್ತು.

ಮೊದಲ ಭಾನುವಾರ ಅವನು ನನ್ನನ್ನ ಕಂಡು ಬಾಯಿ ತೆರೆದವನು ಮುಚ್ಚಲೇ ಇಲ್ಲ. ನನ್ನಿಂದ ದೂರ ದೂರ ನಡೆದ. ಎರಡನೇ ವಾರ ಹತ್ತಿರ ಬಂದು, "ನೋಡು, ಆವಾಗ ನಾನು ಚಿಕ್ಕವನು..." ಅಂತ ತೆಗೆದ. "ಮೂವತ್ತಾರು ವರ್ಷಕ್ಕೆ ಚಿಕ್ಕವನಾ? ಹಾಲು ಹಲ್ಲು ಬಿದ್ದಿರಲಿಲ್ವಾ?" ಅಂದೆ. ಹಿಂದಿದ್ದ ರಿಟೈರ್ಡ್ ಪೋಸ್ಟ್‌ಮಾಸ್ಟರು ಕೆಮ್ಮಿದರು. ಅದು ನಗು ಅಂತ ನನಗೆ ಗೊತ್ತು.

ಅಲ್ಲಿಂದ ಶುರುವಾಯ್ತು ನೋಡು. ಡಿಪೋ ಗೇಟಿಂದ ಕೆರೆಯವರೆಗೆ ನಾನು ಬಾಯಿ ಮುಚ್ಚಲಿಲ್ಲ. ಆ ವಾರವೂ, ಆಮೇಲಿನ ವಾರಗಳೂ. ಅವನು ಜೋರಾಗಿ ನಡೆದರೆ ನಾನೂ ಜೋರು. ನಿಂತರೆ ನಾನೂ ನಿಂತೆ. ಲೇಸು ಕಟ್ಟೋಕೆ ಬಗ್ಗಿದರೆ ತಲೆ ಮೇಲಿಂದ ಬೈದೆ. ಶಾಲೆಯ ಮೀಟಿಂಗಲ್ಲಿ ಪಕ್ಕದ ಖಾಲಿ ಕುರ್ಚಿ ಮೇಲೆ ನಾನು ಬ್ಯಾಗ್ ಇಟ್ಟು ಕೂತಿದ್ದು, ಆಮೇಲೆ ನಾನು ಟೈಫಾಯ್ಡಲ್ಲಿ ಮಲಗಿದ್ದು, ನೀನು ಸ್ಟೂಲ್ ಹತ್ತಿ ಗಂಜಿ ಕಾಯಿಸಿದ್ದು, ಒಂದೊಂದಾಗಿ ಹೇಳಿದೆ. ಉಳಿದವರು ಸ್ವಲ್ಪ ಹಿಂದೆ ಬರ್ತಿದ್ದರು, ಕೇಳಿಸದಷ್ಟು ದೂರ ಅಲ್ಲ.

ನೀನು ಗೋಡೆಯಿಂದ ಬಿದ್ದು ಕೈ ಮುರ್ಕೊಂಡಿದ್ದೂ ಹೇಳಿದೆ. ಆಗ ಒಂದೇ ಒಂದು ಸಲ ಬಾಯಿಬಿಟ್ಟ: "ಯಾವ ಕೈ?"

ಇಷ್ಟು ದಿನದಲ್ಲಿ ನನಗೆ ಅಷ್ಟು ಸಿಟ್ಟು ಬಂದೇ ಇರಲಿಲ್ಲ. ಯಾವ ಕೈ ಅಂತ ತಿಳ್ಕೊಳ್ಳೋಕೆ ಅಲ್ಲಿರಬೇಕಿತ್ತು. ಇಡೀ ರಾತ್ರಿ ಆ ಕೈನ ದಿಂಬಿನ ಮೇಲಿಟ್ಟು ಹಿಡ್ಕೊಂಡು ಕೂತವಳಿಗೆ ಗೊತ್ತು ಯಾವ ಕೈ ಅಂತ. ಹೇಳಲಿಲ್ಲ. ಕೆರೆ ಬರೋವರೆಗೂ ಎರಡು ಸಲ ಮತ್ತೆ ಕೇಳಿದ. ಹೇಳಲಿಲ್ಲ.

ಊಟ ರುಚಿಸ್ತಿದೆ. ಚೆನ್ನಾಗಿ ನಿದ್ದೆ ಬರ್ತಿದೆ. ನಡೆಯೋದಕ್ಕೋ ಬೈಯೋದಕ್ಕೋ ಗೊತ್ತಿಲ್ಲ.

ಅಮ್ಮ

---

ಏಪ್ರಿಲ್ 8

ಚಿರಂಜೀವಿ ಮಗಳಿಗೆ ಅನೇಕ ಆಶೀರ್ವಾದಗಳು.

ಈ ಅಕ್ಷರ ನಿನಗೆ ಪರಿಚಯವಿರಲಾರದು. ನಿನ್ನ ತಂದೆ ಬರೆಯುತ್ತಿದ್ದೇನೆ. ವಿಳಾಸ ಹೇಗೆ ಸಿಕ್ಕಿತೆಂದು ನೀನು ಕೇಳಬಹುದು. ಕಳೆದ ಭಾನುವಾರ ಕೆರೆ ಏರಿಯ ಇಳಿಜಾರಿನಲ್ಲಿ ನಿನ್ನ ತಾಯಿ ಜಾರಿ ಬಿದ್ದಳು. ಕಾಲು ಉಳುಕಿತು. ಗೈಡ್ ಹುಡುಗಿ ಮನೆಯವರಿಗೆ ತಿಳಿಸಲೆಂದು ನಿನ್ನ ವಿಳಾಸ, ಫೋನ್ ನಂಬರ್ ತೆಗೆದಾಗ ನಾನು ಪಕ್ಕದಲ್ಲಿದ್ದೆ. ನಿನಗೆ ಹೇಳಕೂಡದೆಂದು ನಿನ್ನ ತಾಯಿ ಹಟ ಹಿಡಿದಳು. ನಾನು ಎಬ್ಬಿಸಲು ಕೈ ಕೊಟ್ಟೆ. ಹಿಡಿಯಲಿಲ್ಲ. ಕಲ್ಲು ಹಿಡಿದುಕೊಂಡು ಎದ್ದಳು.

ಮಗಳೇ, ಮನುಷ್ಯನಿಂದ ತಪ್ಪುಗಳಾಗುತ್ತವೆ. ಅಂದಿನ ಪರಿಸ್ಥಿತಿ ಹಾಗಿತ್ತು. ವಿವರಿಸಿದರೂ ನಿನಗೆ ಅರ್ಥವಾಗದು. ನಿನ್ನ ನೆನಪಾಗದ ದಿನವಿಲ್ಲ. ಈಗ ವಯಸ್ಸಾಯಿತು, ಒಂದು ಪವಿತ್ರ ಕಾರ್ಯಕ್ಕೆ ಹೊರಟಿದ್ದೇನೆ. ಹೊರಡುವ ಮೊದಲು ಮನಸ್ಸು ಹಗುರಾಗಬೇಕೆಂದು ಹಿರಿಯರು ಹೇಳುತ್ತಾರೆ. ನಿನ್ನ ತಾಯಿಯ ಬೈಗುಳವನ್ನು ಪ್ರಸಾದವೆಂದು ಸ್ವೀಕರಿಸುತ್ತಿದ್ದೇನೆ. ನಿನ್ನಿಂದ ಎರಡು ಸಾಲು ಬಂದರೆ ಸಾಕು: 'ಅಪ್ಪಾ, ಕ್ಷಮಿಸಿದ್ದೇನೆ.' ಅಷ್ಟನ್ನೇ ಜೇಬಿನಲ್ಲಿಟ್ಟುಕೊಂಡು ನಡೆಯುತ್ತೇನೆ.

ಇತಿ ನಿನ್ನ ಶುಭವನ್ನೇ ಹಾರೈಸುವ,
ತಂದೆ

---

ಏಪ್ರಿಲ್ 14

ನಿಮ್ಮ ಆಶೀರ್ವಾದ ಈ ಕವರಲ್ಲೇ ವಾಪಸ್ ಕಳಿಸ್ತಿದೀನಿ.

ಎರಡು ಸಾಲು ಸಾಕು ಅಂದ್ರಿ. ನೀವು ಇಷ್ಟು ವರ್ಷದಲ್ಲಿ ಎಷ್ಟು ಸಾಲು ಬರೆದ್ರಿ? 'ನಿನ್ನ ನೆನಪಾಗದ ದಿನವಿಲ್ಲ' ಅಂತೆ. ನೆನಪಾದಾಗ ಏನು ಮಾಡ್ತಿದ್ರಿ? ಕಾಫಿ ಕುಡೀತಿದ್ರಾ? ಫ್ಯಾನ್ ಹಾಕ್ಕೊಂಡು ಮಲಗ್ತಿದ್ರಾ? ನನ್ನ ಶಾಲೆ ಎಲ್ಲಿದೆ ಅಂತ ನಿಮಗೆ ಗೊತ್ತಿತ್ತು. ನಾಲ್ಕು ಗಂಟೆಗೆ ಗೇಟ್ ಬಿಡುತ್ತೆ ಅಂತಾನೂ ಗೊತ್ತಿತ್ತು.

ವಿವರಿಸಿದರೂ ಅರ್ಥವಾಗದು ಅಂದ್ರಿ. ನನಗೆ ಈಗ ಮೂವತ್ತೊಂದು. ಇನ್ನು ಐದು ವರ್ಷಕ್ಕೆ ನೀವು ಮನೆ ಬಿಟ್ಟಾಗಿನ ವಯಸ್ಸು. ಎಲ್ಲಾ ಅರ್ಥ ಆಗುತ್ತೆ. ಅರ್ಥ ಆಗೋದೇ ಕಷ್ಟ.

ಅಮ್ಮನ ಬೈಗುಳ ಪ್ರಸಾದ ಅಲ್ಲ. ಅವಳು ಬೈತಿರೋದು ನಿಮ್ಮನ್ನ. ಪ್ರಸಾದ ಅಂದುಕೊಂಡು ಬಾಯಿ ಸಿಹಿ ಮಾಡ್ಕೊಂಡು ತಪ್ಪಿಸ್ಕೊಬೇಡಿ, ಕೇಳಿಸ್ಕೊಳ್ಳಿ.

ಕ್ಷಮಿಸಿಲ್ಲ. ಇದನ್ನೇ ಬೇಕಾದ್ರೆ ಜೇಬಲ್ಲಿಟ್ಕೊಳ್ಳಿ.

ಸಹಿ ಹಾಕಲ್ಲ. ನಿಮ್ಮ ಮಗಳು ಅಂತ ಬರೆಯೋಕೆ ಕೈ ಬರಲ್ಲ.

---

ಏಪ್ರಿಲ್ 16

ಅಮ್ಮಾ,

ನೀನು ಬಿದ್ದಿದ್ದು ನನಗೆ ಅವರಿಂದ ಗೊತ್ತಾಗಬೇಕಾ?

ಹೌದು, ನನಗೆ ಬರೆದಿದಾರೆ. ಉತ್ತರವೂ ಕೊಟ್ಟಿದೀನಿ, ಅದರಲ್ಲಿ ಸಿಹಿ ಏನೂ ಇಲ್ಲ. ಕಾಲು ಹೇಗಿದೆ? ಎಕ್ಸ್‌ರೇ ತೆಗೆಸಿದೆಯಾ? ಆಸ್ಪತ್ರೆಯಲ್ಲೇ ಕೆಲಸ ಮಾಡ್ತೀಯ, ಎರಡು ಮಹಡಿ ಹತ್ತಿದರೆ ಎಕ್ಸ್‌ರೇ. ನೀನು ಹತ್ತಿರಲ್ಲ. ಹಳೇ ದಿಂಬಿನ ಕವರ್ ಸುತ್ಕೊಂಡು ನಿಂತು ಕೆಲಸ ಮಾಡ್ತಿರ್ತೀಯ.

ಒಂದು ಮಾತು ಬರೀಬೇಕು. ಎರಡು ತಿಂಗಳಿಂದ ನಿನಗೆ ಬರೆದು ಬರೆದು ಹರೀತಿದೀನಿ. ನಿನ್ನ ಪತ್ರ ಒಂದೂ ಹರಿದಿಲ್ಲ.

ನೀನು ಯಾತ್ರೆಗೆ ಹೋಗ್ತೀಯ ಅಂತ ನನಗೆ ಸಿಟ್ಟಲ್ಲ. ಭಾನುವಾರಗಳ ಬಗ್ಗೆ ಬರೆದಿದ್ದೆಯಲ್ಲ, ಅದನ್ನ ಓದಿ ಬಂದಿದ್ದು ಸಿಟ್ಟು. ಇಷ್ಟು ಮಾತು ನಿನ್ನೊಳಗಿತ್ತಾ? ನನ್ನೆದುರು ನೀನು ಅವರನ್ನ ಒಂದೇ ಒಂದು ಸಲ ಬೈದಿಲ್ಲ ಅಮ್ಮಾ. "ದೊಡ್ಡ ಲಿಫ್ಟು, ರಿಪೇರಿ ತಡ ಆಗ್ತಿದೆ" ಅಂದೆ. ಆಮೇಲೆ "ಬೇರೆ ಊರಲ್ಲಿ ಕೆಲಸ ಸಿಕ್ಕಿದೆ" ಅಂದೆ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ನಾನು ಮೂಲೆ ಕಟ್ಟಡಕ್ಕೆ ಹೋಗಿ ನೋಡಿದ್ದೆ. ಶಾಲೆ ಮುಗಿಸ್ಕೊಂಡು, ಒಬ್ಬಳೇ. ಲಿಫ್ಟ್ ಓಡ್ತಿತ್ತು. ಒಳಗೆ ಹೋಗಿ ಎಲ್ಲಾ ಬಟನ್ ಒತ್ತಿದೆ. ಪ್ರತಿ ಮಹಡೀಲೂ ಬಾಗಿಲು ತೆಗೆದಾಗ ಇಣುಕಿ ನೋಡಿದೆ. ಮೇಲೆ ಹೋದೆ, ಕೆಳಗೆ ಬಂದೆ, ಮತ್ತೆ ಮೇಲೆ ಹೋದೆ. ವಾಚ್‌ಮನ್ ಬೈದು ಕಳಿಸೋವರೆಗೂ. ಮನೆಗೆ ಬಂದರೆ ನೀನು ಅಷ್ಟು ಸಮಾಧಾನವಾಗಿ ತರಕಾರಿ ಹೆಚ್ಚುತಾ ಇದ್ದೆ. ಹೇಳಲಿಲ್ಲ. ಇಡೀ ಮನೇಲಿ ಸಿಟ್ಟು ಬಂದಿರೋದು ನನಗೊಬ್ಬಳಿಗೇ, ಹಾಗಾದ್ರೆ ನಾನೇ ಕೆಟ್ಟವಳು ಅಂದ್ಕೊಂಡೆ. ಎಷ್ಟೋ ವರ್ಷ ಹಾಗೇ ಅಂದ್ಕೊಂಡಿದ್ದೆ.

ಈಗ ಯಾರ್ಯಾರದೋ ಎದುರು, ಪೋಸ್ಟ್‌ಮಾಸ್ಟರೆದುರು, ಪೀಪಿಯೆದುರು ಬೈತಿದೀಯ. ಕೇಳಬೇಕಾಗಿದ್ದವಳು ನಾನು.

ಎಕ್ಸ್‌ರೇ ತೆಗೆಸು.

ನಿನ್ನ ಮಗಳು

---

ಏಪ್ರಿಲ್ 30

ಸೂಜಿಮೆಣಸೇ,

ಎಕ್ಸ್‌ರೇ ತೆಗೆಸಿದೆ. ಮೂಳೆ ಗಟ್ಟಿಯಿದೆ. ಇನ್ನೆರಡು ವಾರ ಜೋಪಾನ, ಆಮೇಲೆ ನಡೀಬಹುದು ಅಂದರು.

ನೀನು ಲಿಫ್ಟಲ್ಲಿ ಹೋಗಿದ್ದು ನನಗೆ ಗೊತ್ತಿರಲಿಲ್ಲ. ಆ ಸಾಲು ಓದಿದ್ದು ಮಧ್ಯಾಹ್ನ, ಡ್ರೈಯರ್‌ಗಳ ಸಂದಿಯಲ್ಲಿ ನಿಂತು. ಆಮೇಲೆ ಸಂಜೆವರೆಗೂ ಮಡಿಸಿಟ್ಟಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಹೆಂಗಸರೆಲ್ಲ ನನಗೇನೋ ಆಗಿದೆ ಅಂತ ನೀರು ತಂದುಕೊಟ್ಟರು.

ಆದರೂ ಹೇಳ್ತೀನಿ, ನನ್ನ ಮೇಲೆ ಹಾರಬೇಡ. ಒಂಬತ್ತು ವರ್ಷದ ಮಗುಗೆ ಏನಂತ ಹೇಳೋದು? ನೀನಾಗಿದ್ದರೆ ಏನು ಹೇಳ್ತಿದ್ದೆ? ನಾನು ಬಾಯಿ ತೆರೆದಿದ್ದರೆ ಬೈಗುಳವೇ ಬರುತ್ತೆ ಅಂತ ಯಾವ ಗ್ಯಾರಂಟಿ ಇತ್ತು? ಅಳು ಬಂದಿದ್ದರೆ? ಆಗ ನಿನ್ನ ಯಾರು ನೋಡ್ಕೊಳ್ತಿದ್ದರು? ತರಕಾರಿ ಹೆಚ್ಚುತಿದ್ದೆ, ನಿಜ. ಸಮಾಧಾನ ಅಂತ ನಿನಗೆ ಕಂಡಿತಷ್ಟೇ.

ಇನ್ನು ಸುದ್ದಿ. ಕೊನೇ ಸಿದ್ಧತೆ ಅಂತ ನಿನ್ನೆ ಎಲ್ಲರನ್ನೂ ಒಂದು ಹಾಲ್‌ಗೆ ಕರೆದಿದ್ದರು. ಪ್ಲಾಸ್ಟಿಕ್ ಕುರ್ಚಿಗಳನ್ನ ಸುತ್ತ ಹಾಕಿ ಕೂರಿಸಿದರು. ಬ್ಯಾಗು ತುಂಬೋದು ಹೇಗೆ, ಬೊಬ್ಬೆಗೆ ಏನು ಹಚ್ಚೋದು, ಎಲ್ಲಾ ಆಯ್ತು. ಕೊನೆಗೆ ಪೀಪಿ, "ಇಷ್ಟು ದಿನದಲ್ಲಿ ಯಾರ ಜೊತೆ ಮನಸ್ಸು ತಿಳಿ ಮಾಡ್ಕೊಂಡ್ರಿ, ಹೇಳೋಕೆ ಇಷ್ಟ ಇರೋರು ಹೇಳಿ" ಅಂದಳು. ಒಬ್ಬಾಕೆ ಅಕ್ಕನ ಬಗ್ಗೆ ಹೇಳಿದಳು. ಪೋಸ್ಟ್‌ಮಾಸ್ಟರು ನೆರೆಮನೆಯೋರ ಬಗ್ಗೆ.

ಆಮೇಲೆ ಇವನು ಎದ್ದ. ಅಂಗಿ ಕೆಳಗೆ ಎಳ್ಕೊಂಡ. "ನನ್ನ ಹೆಂಡತಿ ಇಲ್ಲೇ ಕೂತಿದಾಳೆ. ಒಂದು ಕಾಲದಲ್ಲಿ ಅವಳಿಗೆ ನೋವು ಕೊಟ್ಟೆ. ಬೈದಳು, ಕೇಳಿಸ್ಕೊಂಡೆ. ಇವತ್ತು ನನ್ನ ಜೊತೆ ಯಾತ್ರೆಗೆ ಹೊರಟಿದಾಳೆ ಅಂದ್ರೆ ಕ್ಷಮಿಸಿದಾಳೆ ಅಂತಾನೇ ಅರ್ಥ. ಹೆಣ್ಣಿನ ಮನಸ್ಸು ದೊಡ್ಡದು," ಅಂದ. ಕಣ್ಣಲ್ಲಿ ನೀರು ಬೇರೆ.

ಜನ ಚಪ್ಪಾಳೆ ಹೊಡೆದರು ಕಣೇ. ಪಕ್ಕದೋಳು ನನ್ನ ಕೈ ಅದುಮಿದಳು.

ನಾನು ಎದ್ದೆ. ಕಾಲು ನೋಯ್ತಿತ್ತು, ಕುರ್ಚಿ ಬೆನ್ನು ಹಿಡ್ಕೊಂಡೆ. "ಕ್ಷಮಿಸಿಲ್ಲ" ಅಂದೆ. "ಕೇಳಿಸ್ಕೊಂಡೆ ಅಂತಾನೆ. ಏನು ಕೇಳಿಸ್ಕೊಂಡ, ಕೇಳಿ ನೋಡಿ. ನನ್ನ ನೋವು ಎಷ್ಟು ಅಂತ ಅಳೆಯೋನು ಇವನು. ಮುಗೀತು ಅಂತ ಹೇಳೋನೂ ಇವನು. ಇವನು ನನ್ನನ್ನ ಬಿಟ್ಟಿದ್ದು ಒಂದು ಕಡೆ. ನನ್ನ ಮಗಳು ಮಹಡಿ ಮಹಡಿ ಹುಡುಕ್ಕೊಂಡು ಹೋಗೋ ಹಾಗೆ ಮಾಡಿದನಲ್ಲ, ಅದನ್ನ ಕ್ಷಮಿಸೋಕೆ ನನಗೆ ಹಕ್ಕಿಲ್ಲ. ಇದ್ದರೂ ಕ್ಷಮಿಸ್ತಿರಲಿಲ್ಲ. ನಾನು ನಡೀತೀನಿ, ಬೆಟ್ಟ ಹತ್ತುತೀನಿ, ದೇವರಿಗೂ ಇದನ್ನೇ ಹೇಳ್ತೀನಿ."

ಅವನ ಮುಖ ಬಿಳಿಚಿಹೋಯ್ತು. "ಇದನ್ನ ಹತ್ತು ಜನರೆದುರು ಹೇಳಬೇಕಿತ್ತಾ?" ಅಂದ.

"ನೀನು ಹೋಗಿದ್ದೂ ಬೀದಿಯೋರೆಲ್ಲರ ಎದುರೇ" ಅಂದೆ.

ಹೊರಗೆ ಹೋಗಿ ಪೀಪಿಯನ್ನ ಕರೆದ. ಕಿಟಕಿಯಿಂದ ಎಲ್ಲಾ ಕೇಳಿಸ್ತಿತ್ತು. "ಅವಳಿರಬೇಕು, ಇಲ್ಲ ನಾನಿರಬೇಕು, ನೀನೇ ನಿರ್ಧಾರ ಮಾಡಮ್ಮಾ." ಅವಳು, "ನಾನು ಯಾರನ್ನೂ ಬಿಡೋ ಹಾಗಿಲ್ಲ ಸರ್, ನೀವೇ ಯೋಚನೆ ಮಾಡಿ" ಅಂದಳು. ಯೋಚನೆ ಮಾಡೋಕೆ ಅವನಿಗೆ ಎಷ್ಟು ಹೊತ್ತು ಬೇಕು? ಒಳಗೆ ಬಂದ, ಕುರ್ಚಿ ಮೇಲಿದ್ದ ಟೋಪಿ ತಗೊಂಡ, ಹೋದ. ಕೀಚ್ ಕೀಚ್ ಅಂತ ಕಾರಿಡಾರ್ ಉದ್ದಕ್ಕೂ.

ಮತ್ತೆ ಓಡಿಹೋದ ನೋಡು! ಇನ್ನೂ ಕಾಲುಭಾಗ ಕೂಡ ಹೇಳಿರಲಿಲ್ಲ ನಾನು. ಟೈಫಾಯ್ಡ್ ವರೆಗೆ ಬಂದಿದ್ದೆ, ಅಷ್ಟೇ. ದಾರಿ ತುಂಬಾ ಹೇಳೋಕೆ ಇಟ್ಕೊಂಡಿದ್ದೆ.

ಈಗ ತಂಡದೋರೆಲ್ಲ ಒಂದು ಥರಾ ನೋಡ್ತಾರೆ, ಯಾತ್ರೆ ಕೆಡಿಸಿದವಳು ಅಂತ. ಕೈ ಅದುಮಿದವಳು ಕುರ್ಚಿ ಸರಿಸ್ಕೊಂಡು ಕೂತಳು. ಪೀಪಿ ಮಾತ್ರ ಬಾಗಿಲವರೆಗೆ ಬಂದು, "ಆ ಸಾಲು ನಾನು ಬರೆದಿದ್ದಲ್ಲ ಆಂಟಿ, ಆಫೀಸಿನೋರು" ಅಂದಳು. "ಹಾಗಾದ್ರೆ ತೆಗೆಸು" ಅಂದೆ.

ಹೋಗೋದಂತೂ ನಿಜ. ನನ್ನ ಕೋಣೇಲಿ ಎರಡು ಹಾಸಿಗೆ ಇರುತ್ತಂತೆ. ನನ್ನ ಜೊತೆ ಇರ್ತೀನಿ ಅಂತ ಯಾರೂ ಹೇಳ್ತಿಲ್ಲ. ಇರಲಿ, ಒಂದರ ಮೇಲೆ ಬ್ಯಾಗ್ ಇಟ್ಕೊಳ್ತೀನಿ.

ಅಮ್ಮ

---

ಮೇ 7

ಅಮ್ಮಾ,

ಆ ಹಾಸಿಗೆ ಮೇಲೆ ಬ್ಯಾಗ್ ಇಡಬೇಡ.

ನಿನ್ನ ಪೀಪಿಗೆ ಫೋನ್ ಮಾಡಿದ್ದೆ. ಅವರು ಬಿಟ್ಟ ಜಾಗ ಖಾಲಿ ಇದೆ, ಅದನ್ನೇ ತಗೊಳ್ಳಿ ಅಂದಳು. ಅವರ ಜಾಗ ನನಗೆ ಬೇಡ, ನನ್ನ ಹೆಸರಲ್ಲಿ ಹೊಸದಾಗಿ ಬರ್ಕೊಳ್ಳಿ ಅಂದೆ. ಎರಡೂ ಒಂದೇ ಅಲ್ವಾ ಅಂದಳು. ಅಲ್ಲ ಅಂದೆ. "ನೀವು ಆಂಟಿ ಮಗಳಾ?" ಅಂತ ಕೇಳಿದಳು.

ರಜೆ ಸಿಕ್ಕಿದೆ. ಬೂಟು ತಗೊಂಡೆ. ದಿನಾ ಬೆಳಿಗ್ಗೆ ಲ್ಯಾಬಿಗೆ ನಡೆದೇ ಹೋಗ್ತಿದೀನಿ, ಕಾಲಿನ ಬೆರಳೆಲ್ಲ ಕೆಂಪಗಾಗಿದೆ. ನನಗೆ ದೇವರ ಹತ್ರ ಕೆಲಸ ಏನಿಲ್ಲ. ನಿನ್ನ ಹತ್ರ ಇದೆ.

ಟೈಫಾಯ್ಡ್ ಆದಮೇಲಿಂದ ಹೇಳು. ಅವರಿಗೆ ಅಂತ ಇಟ್ಕೊಂಡಿದ್ದೆಲ್ಲ ನನಗೆ ಹೇಳು, ಬೈಗುಳ ಸಮೇತ, ಒಂದೂ ಬಿಡಬಾರದು. ಅಳು ಬಂದರೆ ಬರಲಿ. ನಾನೀಗ ಒಂಬತ್ತು ವರ್ಷದವಳಲ್ಲ. ಮತ್ತೆ, ನನಗೆ ನಿನ್ನ ಮೇಲೂ ಸಿಟ್ಟಿದೆ, ಅದು ಇನ್ನೂ ಆರಿಲ್ಲ. ಅದನ್ನೂ ತರ್ತಿದೀನಿ. ಯಾವ ದಿನ ಎಷ್ಟು ಬೈಯೋದು ಅಂತ ದಾರೀಲಿ ನೋಡ್ಕೊಳ್ಳೋಣ.

ಮೂರನೇ ದಿನ ಪಾತ್ರೆ ಕುಕ್ಕೋಕೆ ಅಲ್ಲಿ ಪಾತ್ರೆ ಇರಲ್ಲ, ಅದೊಂದು ಒಳ್ಳೇದು.

ನಿನ್ನ,
ಸೂಜಿಮೆಣಸು

---

ಮೇ 25

ನಿನಗೆ,

ಗೈಡ್ ಹುಡುಗಿ ಕೈಲಿ ನೀನು ಕೊಟ್ಟು ಕಳಿಸಿದ ಚೀಟಿ ಸಿಕ್ಕಿತು. ಮೊದಲ ವಾರ ಕಳೆದು ಎಲ್ಲರ ಮನಸ್ಸು ತಣ್ಣಗಾದಮೇಲೆ ನಡುದಾರೀಲಿ ಬಸ್ಸಲ್ಲಿ ಬಂದು ಸೇರ್ಕೊಳ್ಳಲಾ ಅಂತ ಕೇಳಿದೀಯ. ಬೇಡ. ಬಂದರೆ ಮೂವರೂ ಕಷ್ಟಪಡ್ತೀವಿ, ಎಲ್ಲರಿಗಿಂತ ಜಾಸ್ತಿ ನೀನು.

ಯಾತ್ರೆ ಮಾಡಲೇಬೇಕು ಅಂತಿದ್ದರೆ ಬೇರೆ ತಂಡದ ಜೊತೆ ಹೋಗು. ನಾನು ಅಡ್ಡ ಬರಲ್ಲ. ಆದರೆ ನನ್ನ ಬಾಯಿಂದ ಆ ಮಾತು ಬರುತ್ತೆ ಅಂತ ಕಾಯ್ತಾ ಕೂರಬೇಡ.

ನಾಳೆ ಬೆಳಿಗ್ಗೆ ಹೊರಡ್ತೀವಿ. ನಡಿಗೆ ಶುರುವಾಗೋ ಊರಿನ ಒಂದು ಲಾಡ್ಜಲ್ಲಿದೀವಿ. ಈಗ ಸಂಜೆ. ಕಿಟಕಿಯಿಂದ ರಸ್ತೆ ಕಾಣುತ್ತೆ, ಸೈಕಲ್ ಅಂಗಡಿ ದಾಟಿ ಹೊಲದ ನಡುವೆ ಇಳಿದು ಹೋಗಿದೆ. ಮಗಳು ಬಂದಿದಾಳೆ. ಎದುರು ಹಾಸಿಗೆ ಮೇಲೆ ಕೂತು ನನ್ನ ಬ್ಯಾಗಿಂದ ಏನೇನೋ ತೆಗೆದು ಎಸೀತಿದಾಳೆ, ಇಷ್ಟೊಂದು ಟವಲ್ ಯಾಕೆ ಅಂತ. ಬೆಳಿಗ್ಗೆ ಬಸ್ಸಲ್ಲಿ ಒಂದು ಸಲ ಜಗಳ ಆಡಿದೀವಿ, ಸ್ಟ್ಯಾಂಡಲ್ಲಿ ಇಳಿದು ಇನ್ನೊಂದು ಸಲ. ಪೋಸ್ಟ್‌ಮಾಸ್ಟರು ಈಗಲೇ ನಮ್ಮಿಂದ ದೂರದ ಕೋಣೆ ಕೇಳಿದಾರೆ.

ಅವಳು ಈಗ ನೋಡೋಕೆ ಹೇಗಿದಾಳೆ, ಎಷ್ಟು ಎತ್ತರ, ನಗುವಾಗ ಯಾರ ಥರಾ ಕಾಣ್ತಾಳೆ ಅಂತ ನಿನಗೆ ತಿಳ್ಕೊಳ್ಳೋ ಆಸೆ ಇರುತ್ತೆ. ಹೇಳಲ್ಲ.

ಇಲ್ಲಿ ನಾವಿಬ್ಬರೂ ಕ್ಷೇಮ. ನಿನ್ನ ಕ್ಷೇಮದ ಬಗ್ಗೆ ಪತ್ರ ಬರೆಯಬೇಡ.

ಇತಿ,
ಅವಳ ಅಮ್ಮ